‘ತಯಾರಿ’ಯಲ್ಲಿರುವವರಿಗೆ ಒಂದು ಮಂದ್ರ ದನಿ

ಊರಲ್ಲಿ ಯಾರೇ ಎದುರಾಗಲಿ, ಕೇಳುವುದು ಒಂದೇ ಪ್ರಶ್ನೆ. ‘ಈಗೇನ್ ಮಾಡಾಕತ್ತೀಯವ್ವಾ?’ ಮೂರು ವರ್ಷಗಳಿಂದ ನನ್ನ ಉತ್ತರವೂ ಒಂದೇ. ‘ತಯಾರಿ ನಡಸೀನ್ರೀ.’

ಬಿ.ಕಾಂ. ಮುಗಿದ ವರ್ಷ ಈ ಉತ್ತರ ಕೊಡುವಾಗ ಹೆಮ್ಮೆ ಇತ್ತು. ಎರಡನೇ ವರ್ಷ ಸಂಕೋಚ ಬಂತು. ಒಂದು ಪರೀಕ್ಷೆ ಮುಂದಕ್ಕೆ ಹೋಯಿತು, ಇನ್ನೊಂದರಲ್ಲಿ ನಾಲ್ಕು ಅಂಕ ಕಡಿಮೆ ಬಿತ್ತು. ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಆ ಶಬ್ದ ಬಾಯಲ್ಲಿ ಸವೆದು ಹೋಗಿತ್ತು. ಮದುವೆ ಮನೆಗೆ ಹೋಗದಿರಲು ‘ತಯಾರಿ’, ಗೆಳತಿಯರ ಫೋನ್ ಎತ್ತದಿರಲು ‘ತಯಾರಿ’, ವರನ ಮಾತು ಬಂದಾಗ ತಪ್ಪಿಸಿಕೊಳ್ಳಲು ಕೂಡ ‘ತಯಾರಿ’. ಓದುತ್ತಿರುವವರಿಗೆ ಈ ಶಬ್ದದ ಭಾರ ನಾನು ಹೇಳಿಕೊಡಬೇಕಿಲ್ಲ.

ಆ ಶಬ್ದವನ್ನು ಮತ್ತೊಮ್ಮೆ ಯೋಚಿಸುವಂತೆ ಮಾಡಿದ್ದು ಯಾವ ಮೋಟಿವೇಷನ್ ಭಾಷಣವೂ ಅಲ್ಲ, ಇಂಗ್ಲೆಂಡಿನ ಒಬ್ಬ ಬೇಸ್ ಗಿಟಾರ್ ವಾದಕ. ಹೆಸರು ರೋಜರ್ ವಾಟರ್ಸ್. 1970ರ ದಶಕದ ಆರಂಭದಲ್ಲಿ ‘ಪಿಂಕ್ ಫ್ಲಾಯ್ಡ್’ ಎಂಬ ರಾಕ್ ತಂಡದಲ್ಲಿ ನುಡಿಸುತ್ತಿದ್ದವನು. ಬೆಂಗಳೂರಿನ ಓದುಗರಿಗೆ ಇದು ಹೊಸ ಹೆಸರಲ್ಲ. 2002ರ ಏಪ್ರಿಲ್‌ನಲ್ಲಿ ಆತ ಅರಮನೆ ಮೈದಾನದಲ್ಲಿ ಹಾಡಿ ಹೋಗಿದ್ದಾನೆ. ಆದರೆ ಇಟಗಿಯ ಮಟ್ಟಿಗೆ ಅದು ಬೇರೆ ದೇಶದ ಸುದ್ದಿ. ಇಟಗಿ ಅಂದರೆ ಕೊಪ್ಪಳ ಜಿಲ್ಲೆಯ ಮಹಾದೇವ ದೇವಾಲಯದ ಇಟಗಿ ಅಲ್ಲ. ನಮ್ಮದು ಗದಗ ಜಿಲ್ಲೆಯ, ಭೀಮಾಂಬಿಕೆಯ ಇಟಗಿ. ಇಲ್ಲಿ ಸಂಗೀತ ಎಂದರೆ ಭಜನೆ, ಇಲ್ಲವೇ ಟ್ರ್ಯಾಕ್ಟರ್ ಮೇಲಿನ ಡಿಜೆ.

ಆತನ ಹಾಡನ್ನು ಮೊದಲು ಕೇಳಿದ್ದು ಧಾರವಾಡದಲ್ಲಿ. ಸಪ್ತಾಪುರದ ಪಿ.ಜಿ.ಯಲ್ಲಿ ನಮ್ಮ ಕೋಣೆಯ ಗೆಳತಿಯೊಬ್ಬಳು ರಾತ್ರಿ ಹತ್ತಕ್ಕೆ ಪುಸ್ತಕ ಮುಚ್ಚಿ ಮೊಬೈಲ್‌ನಲ್ಲಿ ‘ಮನಿ’ ಎಂಬ ಹಾಡು ಹಚ್ಚುತ್ತಿದ್ದಳು. ‘ಇದರ ಬೇಸ್ ಕೇಳೇ’ ಅನ್ನುತ್ತಿದ್ದಳು. ನನಗೆ ಕೇಳುತ್ತಿದ್ದದ್ದು ಚಿಲ್ಲರೆ ಸುರಿದ ಸದ್ದು, ಆಮೇಲೊಂದಿಷ್ಟು ಕೂಗಾಟ. ಇಂಥದ್ದಕ್ಕೆಲ್ಲ ಸಮಯ ಹಾಳು ಮಾಡುತ್ತಾಳಲ್ಲ ಎಂದು ಒಳಗೊಳಗೇ ಬೈದುಕೊಂಡು ಪ್ರಚಲಿತ ವಿದ್ಯಮಾನದ ಪುಸ್ತಕ ತೆರೆಯುತ್ತಿದ್ದೆ.

ತಪ್ಪು ಹಾಡಿನದ್ದೂ ಅಲ್ಲ, ನನ್ನ ಕಿವಿಯದ್ದೂ ಅಲ್ಲ ಎಂದು ಗೊತ್ತಾಗಿದ್ದು ಕಳೆದ ವರ್ಷ. ಕೋಚಿಂಗ್ ಮುಗಿಸಿ ಊರಿಗೆ ಮರಳಿದ್ದೆ. ನಮ್ಮ ಕಾಕಾನ ಮಗ ಡಿಜೆ ಸೌಂಡ್ ಬಾಡಿಗೆಗೆ ಕೊಡುತ್ತಾನೆ. ಒಂದು ಮಧ್ಯಾಹ್ನ ಹೊಸದಾಗಿ ತಂದ ಬಾಕ್ಸ್‌ಗಳನ್ನು ಅಂಗಳದಲ್ಲಿ ಇಟ್ಟು ಪರೀಕ್ಷೆ ಮಾಡುತ್ತಿದ್ದ. ‘ಅಕ್ಕಾ, ಯಾವುದರೆ ಒಂದು ಹಾಡು ಹೇಳು’ ಅಂದ. ತಮಾಷೆಗೆ ‘ಮನಿ’ ಅಂದೆ. ಸಣ್ಣ ಸದ್ದಿಗೇ ಇಟ್ಟು ಹಚ್ಚಿದ.

ಮೊದಲು ಅದೇ ಚಿಲ್ಲರೆ, ಅದೇ ಗಲ್ಲಾಪೆಟ್ಟಿಗೆಯ ಸದ್ದು. ಅದರ ಬೆನ್ನಿಗೇ ಕೆಳಗಿನಿಂದ ಒಂದು ದನಿ ನಡೆದು ಬಂತು. ಒಂಟಿಯಾಗಿ, ಅವಸರವಿಲ್ಲದೆ, ತೂಕದ ಮನುಷ್ಯನೊಬ್ಬ ಮೆಟ್ಟಿಲು ಹತ್ತಿ ಇಳಿದಂತೆ. ಅಷ್ಟು ದಿನ ಧಾರವಾಡದಲ್ಲಿ ಈ ದನಿ ಎಲ್ಲಿತ್ತು?

ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತಿದ್ದ ಕಾಕಾ ಅಡಕತ್ತರಿ ಕೆಳಗಿಟ್ಟರು. ಅವರು ಭಜನಿಯಲ್ಲಿ ತಬಲಾ ನುಡಿಸುವವರು, ಇಂಗ್ಲಿಷಿನ ಒಂದಕ್ಷರ ಬಾರದು. ಬೆರಳು ತೊಡೆಯ ಮೇಲೆ ಆಡತೊಡಗಿತು. ‘ತಂಗೀ, ಇದು ಏಳರಾಗ ಐತಿ ನೋಡು. ರೂಪಕದಂಗ ಏಳು ಮಾತ್ರಿ. ಆದ್ರ ತೂಕ ಬ್ಯಾರೆ ಕಡೆ ಬೀಳತೈತಿ’ ಅಂದರು. ಹಾಡಿನ ನಡುವೆ ಗಿಟಾರ್ ಮುಂದೆ ಬಂದಾಗ, ‘ಈಗ ನಾಕಕ್ಕ ಬಂದ’ ಅಂದರು. ಅದು ಮುಗಿದು ಹಳೆಯ ನಡಿಗೆ ಮರಳಿದಾಗ, ‘ಹೂಂ, ಮತ್ತ ಏಳು’ ಎಂದು ನಕ್ಕರು.

ಆಮೇಲೆ ಓದಿ ನೋಡಿದೆ. ಕಾಕಾ ಹೇಳಿದ್ದು ಅಕ್ಷರಶಃ ಸರಿ. ರಾಕ್ ಹಾಡುಗಳು ಸಾಮಾನ್ಯವಾಗಿ ನಾಲ್ಕರ ಎಣಿಕೆಯಲ್ಲಿ ಇರುತ್ತವೆ. ‘ಮನಿ’ ಏಳರ ಎಣಿಕೆಯದ್ದು, ಗಿಟಾರ್ ಭಾಗದಲ್ಲಿ ಮಾತ್ರ ನಾಲ್ಕಕ್ಕೆ ಹೊರಳುತ್ತದೆ. ಆರಂಭದ ಚಿಲ್ಲರೆ ಸದ್ದನ್ನು ವಾಟರ್ಸ್ ಮನೆಯಲ್ಲೇ ತಯಾರಿಸಿದ್ದ. ಹೆಂಡತಿ ಮಡಕೆ ಮಾಡಲು ಮಣ್ಣು ಕಲಸುತ್ತಿದ್ದ ದೊಡ್ಡ ಪಾತ್ರೆಗೆ ನಾಣ್ಯ ಎಸೆದು ರೆಕಾರ್ಡ್ ಮಾಡಿಕೊಂಡ. ಹರಿದ ಕಾಗದ, ಗಲ್ಲಾಪೆಟ್ಟಿಗೆ ಎಲ್ಲ ಸೇರಿ ಏಳು ಸದ್ದು. ಟೇಪನ್ನು ಅಳತೆ ಮಾಡಿ ಏಳು ತುಂಡು ಕತ್ತರಿಸಿ, ಅಂಟಿಸಿ, ಸುತ್ತು ಹಾಕಿ ತಿರುಗಿಸಿದರು. ಕಂಪ್ಯೂಟರ್ ಇಲ್ಲದ ಕಾಲ, ಬ್ಲೇಡು ಮತ್ತು ಅಂಟುಪಟ್ಟಿಯಿಂದ ಕಟ್ಟಿದ ತಾಳ ಅದು.

ಧಾರವಾಡದಲ್ಲಿ ಆ ದನಿ ನನಗೆ ಕೇಳದಿದ್ದಕ್ಕೂ ಕಾರಣವಿದೆ. ಬೇಸ್ ಗಿಟಾರ್‌ಗೆ ಸಾಮಾನ್ಯವಾಗಿ ನಾಲ್ಕೇ ತಂತಿ. ಸಾದಾ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಒಂದು ಸಪ್ತಕ ಕೆಳಗೆ ಅವುಗಳನ್ನು ಶ್ರುತಿ ಮಾಡುತ್ತಾರೆ. ಅತಿ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ನಿಧಾನದ ಕಂಪನವನ್ನು ಗಾಳಿಗೆ ತಲುಪಿಸಲು ಅಗಲವಾದ ಸ್ಪೀಕರ್ ಬೇಕು. ಉಗುರಿನಗಲದ ಮೊಬೈಲ್ ಸ್ಪೀಕರ್‌ನಿಂದ ಅದು ಆಗದ ಕೆಲಸ. ಮೇಲಿನ ಸಣ್ಣ ಸ್ವರಾಂಶಗಳಷ್ಟೇ ಹೊರಬರುತ್ತವೆ, ಉಳಿದದ್ದನ್ನು ಮಿದುಳು ಊಹಿಸಿಕೊಳ್ಳುತ್ತದೆ. ನಮ್ಮ ಪೀಳಿಗೆ ಬಹುತೇಕ ಸಂಗೀತವನ್ನು ತಳಪಾಯ ಕಿತ್ತ ಮನೆಯಂತೆ ಕೇಳುತ್ತಿದೆ. ಕನ್ನಡದ ಹಾಡುಗಳ ಕಥೆಯೂ ಇದೇ. ಶಂಕರ್‌ನಾಗ್ ಅವರ 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಮಾಡಿದ ಹಾಡುಗಳನ್ನು ಒಮ್ಮೆ ಒಳ್ಳೆಯ ಇಯರ್‌ಫೋನ್‌ನಲ್ಲಿ, ಕೆಳಗಿನ ದನಿಯನ್ನೇ ಹಿಡಿದು ಕೇಳಿ. ನೂರು ಸಲ ಕೇಳಿದ ಹಾಡಿನೊಳಗೆ ಇನ್ನೊಂದು ಹಾಡು ಸಿಗುತ್ತದೆ.

ಹಾಗಾದರೆ ನಮ್ಮೂರಿನ ಡಿಜೆಯಲ್ಲಿ ಬೇಸ್‌ಗೆ ಕೊರತೆಯೇ ಎಂದು ಕೇಳಬಹುದು. ಅಲ್ಲಿ ಬೇಸ್ ಬೇಕಾದಷ್ಟಿದೆ, ಕಿಟಕಿಯ ಗಾಜು ನಡುಗುವಷ್ಟು. ಆದರೆ ಅದು ಎದೆಗೆ ಗುದ್ದುತ್ತದೆಯೇ ಹೊರತು ಮಾತಾಡುವುದಿಲ್ಲ. ಒಂದೇ ಹೊಡೆತ, ಮೆರವಣಿಗೆ ಮುಗಿಯುವವರೆಗೆ. ಅದೇ ಬಾಕ್ಸ್‌ನಲ್ಲಿ, ಅದರ ಕಾಲುಭಾಗ ಸದ್ದಿನಲ್ಲಿ, ಅವತ್ತು ಬೇಸ್ ಒಂದು ವಾಕ್ಯ ಆಡಿತ್ತು. ತಮ್ಮನಿಗೆ ಇದನ್ನು ಹೇಳಿದರೆ, ‘ಮೆರವಣಿಗ್ಯಾಗ ಇದನ್ನ ಹಚ್ಚಿದ್ರ ನನಗ ಕಲ್ಲು ಒಗೀತಾರಕ್ಕಾ’ ಅಂದ. ಅವನ ಹೊಟ್ಟೆಪಾಡು ಅವನಿಗೆ. ಆದರೂ ಅವತ್ತಿನಿಂದ ಬಾಕ್ಸ್ ಪರೀಕ್ಷೆಗೆ ಅವನು ಹಚ್ಚುವುದು ಈ ಹಾಡನ್ನೇ.

ಕಾಕಾ ಒಳಗಿನಿಂದ ತಂಬೂರಿ ತಂದು ತೋರಿಸಿದರು. ಅದಕ್ಕೂ ನಾಲ್ಕು ತಂತಿ. ಕೊನೆಯದು ದಪ್ಪನೆಯ ಹಿತ್ತಾಳೆ ತಂತಿ, ಖರ್ಜದ್ದು. ‘ಹಾಡವನ್ನ ಮಂದಿ ನೋಡತಾರ. ಖರ್ಜದ ತಂತಿ ಇಳಿದ್ರ ಮಾತ್ರ ಹಾಡವಗ ನಿಂದ್ರಾಕ ಜಾಗಾ ಇರಂಗಿಲ್ಲ’ ಅಂದರು. ರೋಣದಲ್ಲಿ ಹುಟ್ಟಿದ ಪಂಡಿತ್ ಭೀಮಸೇನ ಜೋಶಿಯವರು ಬಾಲಕನಾಗಿ ಅಬ್ದುಲ್ ಕರೀಂ ಖಾನ್ ಸಾಹೇಬರ ಧ್ವನಿಮುದ್ರಿಕೆ ಕೇಳಿ ಹುಚ್ಚು ಹಿಡಿದು, ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ ಕಥೆ ನಮ್ಮ ಭಾಗದವರಿಗೆಲ್ಲ ಗೊತ್ತು. ಎಲ್ಲಿಯದೋ ರೆಕಾರ್ಡು ಕೇಳಿ ಇಲ್ಲಿಯವರ ಬದುಕು ಹೊರಳುವುದು ಈ ಸೀಮೆಗೆ ಹೊಸದೇನಲ್ಲ. ನಾನು ಮನೆ ಬಿಡಲಿಲ್ಲ, ಆತ ಯಾರೆಂದು ಹುಡುಕತೊಡಗಿದೆ ಅಷ್ಟೇ.

ರೋಜರ್ ವಾಟರ್ಸ್ ಹುಟ್ಟಿದ್ದು 1943ರ ಸೆಪ್ಟೆಂಬರ್‌ನಲ್ಲಿ. ಐದು ತಿಂಗಳ ಕೂಸಾಗಿದ್ದಾಗ ತಂದೆ ಎರಡನೇ ಮಹಾಯುದ್ಧದಲ್ಲಿ, ಇಟಲಿಯ ಆಂಜಿಯೊದಲ್ಲಿ ಸತ್ತರು. ತಾಯಿ ಶಿಕ್ಷಕಿ. ಆತ ಲಂಡನ್ನಿನಲ್ಲಿ ಓದಿದ್ದು ವಾಸ್ತುಶಿಲ್ಪ. ಅಲ್ಲೇ ಡ್ರಮ್ ನುಡಿಸುವ ನಿಕ್ ಮೇಸನ್, ಕೀಬೋರ್ಡಿನ ರಿಚರ್ಡ್ ರೈಟ್ ಜೊತೆಯಾದರು. ತಂಡದ ಮುಂಚೂಣಿಯ ಗಾಯಕ, ಕವಿ ಸಿಡ್ ಬ್ಯಾರೆಟ್‌ನ ಮನಸ್ಸಿನ ಆರೋಗ್ಯ ಕೆಟ್ಟು 1968ರಲ್ಲಿ ಆತ ಹೊರಬಿದ್ದ. ಇನ್ನು ಈ ತಂಡದ ಕಥೆ ಮುಗಿಯಿತು ಎಂದುಕೊಳ್ಳುವ ಹೊತ್ತಿನಲ್ಲಿ ಬರೆಯುವ ಹೊಣೆಯನ್ನು ಹೆಚ್ಚುಹೆಚ್ಚಾಗಿ ಹೊತ್ತವನು ಹಿಂದೆ ನಿಂತು ಬೇಸ್ ನುಡಿಸುತ್ತಿದ್ದ ವಾಟರ್ಸ್.

ಬೆರಳಿನ ಚಳಕದಲ್ಲಿ ಅವನಿಗಿಂತ ಮೇಲಿನವರು ಆ ಕಾಲದಲ್ಲೇ ಇದ್ದರು. ‘ಕ್ರೀಮ್’ ತಂಡದ ಜಾಕ್ ಬ್ರೂಸ್, ‘ದಿ ಹೂ’ ತಂಡದ ಜಾನ್ ಎಂಟ್‌ವಿಸಲ್, ‘ಯೆಸ್’ ತಂಡದ ಕ್ರಿಸ್ ಸ್ಕ್ವೈರ್. ಪಿಂಕ್ ಫ್ಲಾಯ್ಡ್‌ನ ಕೆಲವು ಹಾಡುಗಳಲ್ಲಿ ಬೇಸ್ ನುಡಿಸಿದ್ದು ಗಿಟಾರ್ ವಾದಕ ಡೇವಿಡ್ ಗಿಲ್ಮೋರ್. ವಾಟರ್ಸ್ ಅತಿ ಚುರುಕಿನ ವಾದಕನಾಗಿರಲಿಲ್ಲ. ನನಗೆ ಅವನು ಹತ್ತಿರವಾಗಿದ್ದೇ ಇದರಿಂದ. ಯಾವ ಸ್ವರ ಬೇಕು, ಎಷ್ಟು ಸಾಕು, ಎಲ್ಲಿ ಸುಮ್ಮನಿರಬೇಕು ಎಂಬುದು ಅವನಿಗೆ ಗೊತ್ತಿತ್ತು. 1971ರ ‘ಮೆಡಲ್’ ಎಂಬ ಆಲ್ಬಂ ಆರಂಭವಾಗುವುದೇ ಗಾಳಿಯ ಸದ್ದು ಮತ್ತು ಎರಡು ಬೇಸ್ ಗಿಟಾರ್‌ಗಳಿಂದ. ಒಂದನ್ನು ಅವನು, ಇನ್ನೊಂದನ್ನು ಗಿಲ್ಮೋರ್ ನುಡಿಸಿದ್ದಾರೆ, ಪ್ರತಿಧ್ವನಿ ಯಂತ್ರದ ಮೂಲಕ. ಮುಖ್ಯವಾಗಿ ಒಂದೇ ಸ್ವರ ಓಡುತ್ತದೆ. ಮೊಬೈಲ್‌ನಲ್ಲಿ ಅದು ಏನೂ ಅಲ್ಲ, ಬಾಕ್ಸ್‌ನಲ್ಲಿ ಹಚ್ಚಿದರೆ ರಾತ್ರಿ ದೂರದಿಂದ ಬರುವ ರೈಲು.

1973ರ ಮಾರ್ಚ್‌ನಲ್ಲಿ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಬಂತು. ಆ ಆಲ್ಬಮ್ಮಿನ ಎಲ್ಲ ಹಾಡುಗಳ ಸಾಹಿತ್ಯ ವಾಟರ್ಸ್‌ನದು. ದುಡ್ಡು, ಸಮಯ, ಸಾವು, ಹುಚ್ಚು, ಹೀಗೆ ಮನುಷ್ಯನನ್ನು ಒತ್ತುವ ಸಂಗತಿಗಳೇ ವಸ್ತು. ಅಮೆರಿಕದ ‘ಬಿಲ್‌ಬೋರ್ಡ್’ ಆಲ್ಬಂ ಪಟ್ಟಿಯಲ್ಲಿ ಅದು 1973ರಿಂದ 1988ರ ನಡುವೆ 741 ವಾರ ಇತ್ತು. ದುಡ್ಡನ್ನು ಗೇಲಿ ಮಾಡಿದ ಹಾಡು ಹಾಡಿದವರಿಗೇ ದುಡ್ಡು ಸುರಿಯಿತು ಎಂಬುದು ಬೇರೆ ಮಾತು. ಮುಂದೆ ಗೆಳೆಯರ ನಡುವೆ ಜಗಳವಾಗಿ 1985ರಲ್ಲಿ ಆತ ತಂಡ ಬಿಟ್ಟ, ಹೆಸರಿಗಾಗಿ ವ್ಯಾಜ್ಯವೂ ನಡೆಯಿತು. ಅವನನ್ನು ಆದರ್ಶ ಪುರುಷ ಮಾಡಿ ಗೋಡೆಗೆ ಚಿತ್ರ ಹಾಕಬೇಕೆಂದು ನಾನು ಹೇಳುತ್ತಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಆಲ್ಬಮ್ಮಿನ ‘ಟೈಮ್’. ಅದು ಶುರುವಾಗುವುದು ಹತ್ತಾರು ಗಡಿಯಾರಗಳು ಒಮ್ಮೆಲೇ ಬಡಿಯುವುದರಿಂದ. ಧ್ವನಿ ಎಂಜಿನಿಯರ್ ಅಲನ್ ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಗೆ ಹೋಗಿ ಒಂದೊಂದನ್ನೂ ಬೇರೆಬೇರೆಯಾಗಿ ಮುದ್ರಿಸಿಕೊಂಡು ಬಂದಿದ್ದ. ಆ ಗದ್ದಲ ಅಡಗಿದ ಮೇಲೆ ಟಿಕ್, ಟಿಕ್ ಎಂಬ ಸದ್ದು ಮುಂದುವರಿಯುತ್ತದೆ. ಅದೂ ಗಡಿಯಾರವೇ ಎಂದುಕೊಂಡಿದ್ದೆ. ಅಲ್ಲ, ಅದು ವಾಟರ್ಸ್. ಬೇಸ್ ಗಿಟಾರಿನ ತಂತಿಗಳು ಮೊಳಗದಂತೆ ಅಂಗೈಯಿಂದ ಒತ್ತಿ ಹಿಡಿದು ಮೀಟಿದ್ದಾನೆ.

ಈ ಹಾಡಿನ ಹಿಂದಿನ ಯೋಚನೆಯನ್ನು ಆತ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ. ಈಗ ಓದುವುದೆಲ್ಲ ಮುಂದಿನ ಬದುಕಿಗೆ ತಯಾರಿ ಎಂಬ ನಂಬಿಕೆಯಲ್ಲಿ ಬೆಳೆದವನು ಅವನು. ಇಪ್ಪತ್ತೆಂಟು, ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಹೊಳೆಯಿತಂತೆ, ತಾನು ಯಾವುದಕ್ಕೂ ತಯಾರಾಗುತ್ತಿಲ್ಲ, ಬದುಕು ಯಾವಾಗಲೋ ಶುರುವಾಗಿ ಹೋಗಿದೆ ಎಂದು.

ಇದನ್ನು ಓದಿದಾಗ ರಾತ್ರಿ ಹನ್ನೊಂದು. ಎದುರಿಗೆ ಮಾದರಿ ಪ್ರಶ್ನೆಪತ್ರಿಕೆ ಇತ್ತು. ಮೂರು ವರ್ಷದಿಂದ ಎಲ್ಲರಿಗೂ ಹೇಳುತ್ತಾ ಬಂದ ಶಬ್ದ ನನ್ನ ಮುಂದೆ ಬಂದು ಕೂತಿತು. ಈ ಮೂರು ವರ್ಷದಲ್ಲಿ ಅಜ್ಜಿ ತೀರಿಕೊಂಡರು. ಕೊನೆಯ ಎರಡು ತಿಂಗಳು ‘ಬಂದು ಹೋಗ ಬೇ’ ಎಂದು ಫೋನಿನಲ್ಲಿ ಕರೆಯುತ್ತಿದ್ದರು. ‘ಪರೀಕ್ಷಾ ಮುಗೀಲಿ ಬರ್ತೀನಮ್ಮಾ’ ಅಂದಿದ್ದೆ. ಆ ಪರೀಕ್ಷೆ ಮುಂದಕ್ಕೆ ಹೋಯಿತು, ಅಜ್ಜಿಗೆ ಮುಂದಕ್ಕೆ ಹೋಗುವ ಅನುಕೂಲ ಇರಲಿಲ್ಲ. ಆ ಎರಡು ತಿಂಗಳು ತಯಾರಿಯಾಗಿರಲಿಲ್ಲ. ಅದು ನನ್ನ ಬದುಕೇ ಆಗಿತ್ತು, ನಾನು ಅಲ್ಲಿರಲಿಲ್ಲ.

ಇಷ್ಟಕ್ಕೆ ಓದು ಬಿಟ್ಟು ಗಿಟಾರ್ ಹಿಡಿಯಿರಿ ಎಂದು ನಾನು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ‘ಹಾಡು ಕೇಳಿದ್ರ ಹೊಟ್ಟಿ ತುಂಬತೈತೇನು?’ ಎಂದು ಅಪ್ಪ ಕೇಳಿದರು, ಆ ಪ್ರಶ್ನೆ ನ್ಯಾಯದ್ದೇ. ಮಳೆ ನಂಬಿದ ಒಕ್ಕಲುತನದ ಮನೆಯಲ್ಲಿ ತಿಂಗಳ ಸಂಬಳ ಎಂದರೆ ಏನೆಂದು ನನಗೆ ಗೊತ್ತು. ವಾಟರ್ಸ್‌ನಂತೆ ‘ದುಡ್ಡು’ ಎಂದು ಅಣಕಿಸಿ ಹಾಡಲು ಮೊದಲು ಸ್ವಲ್ಪ ದುಡ್ಡು ಇರಬೇಕು. ನೌಕರಿ ನನಗೆ ಬೇಕು. ಈಗಲೂ ಓದುತ್ತಿದ್ದೇನೆ, ಮುಂದಿನ ಅರ್ಜಿಯನ್ನೂ ತುಂಬಿದ್ದೇನೆ.

ನನ್ನ ತಕರಾರು ಓದಿನ ಮೇಲಲ್ಲ, ಓದುವಷ್ಟು ದಿನ ಬದುಕನ್ನು ಕಟ್ಟಿ ಮೂಲೆಗಿಡುವ ನಮ್ಮ ರೂಢಿಯ ಮೇಲೆ. ಸಪ್ತಾಪುರದ ಒಂದೊಂದು ಕೋಣೆಯಲ್ಲೂ ನೋಡಿದ್ದೇನೆ. ಚಿತ್ರ ಬರೆಯುತ್ತಿದ್ದವಳು ಬಣ್ಣದ ಡಬ್ಬಿ ಊರಲ್ಲಿ ಬಿಟ್ಟು ಬಂದಿರುತ್ತಾಳೆ, ಕಬಡ್ಡಿ ಆಡುತ್ತಿದ್ದವನು ಮೂರು ವರ್ಷದಿಂದ ಮೈದಾನ ತುಳಿದಿರುವುದಿಲ್ಲ. ‘ಆರ್ಡರ್ ಬರಲಿ, ಆಮೇಲೆ’ ಅನ್ನುತ್ತೇವೆ. ಹುದ್ದೆ ನೂರು, ಅರ್ಜಿ ಲಕ್ಷ ಎಂಬಂಥ ಲೆಕ್ಕದಲ್ಲಿ ಬಹಳ ಜನರಿಗೆ ಆ ಆರ್ಡರ್ ಬರುವುದಿಲ್ಲ ಎಂಬುದು ನಮಗೆ ಎಲ್ಲರಿಗೂ ಗೊತ್ತಿದೆ. ಬಾರದಿದ್ದರೆ ಆ ವರ್ಷಗಳು ಏನಾಗಿದ್ದವು? ಬರೀ ಕಾಯುವಿಕೆಯೇ? ಮನೆಯವರೂ ಸಮಾಜವೂ ನಮ್ಮನ್ನು ಹಾಗೆಯೇ ನೋಡುತ್ತವೆ, ನಾವೂ ನಮ್ಮನ್ನು ಹಾಗೆಯೇ ನೋಡಿಕೊಳ್ಳತೊಡಗಿದ್ದೇವೆ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಿದ್ದದ್ದಕ್ಕಿಂತ ದೊಡ್ಡ ನಷ್ಟ ಇದು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ನನ್ನ ಬಳಿ ದೊಡ್ಡ ಪರಿಹಾರವೇನಿಲ್ಲ. ನಾನು ಮಾಡಿಕೊಂಡ ಸಣ್ಣ ಬದಲಾವಣೆಗಳನ್ನಷ್ಟೇ ಹೇಳಬಲ್ಲೆ. ಬೆಳಿಗ್ಗೆ ಓದಲು ಕೂರುವ ಮೊದಲು ಇಪ್ಪತ್ತು ನಿಮಿಷ ಕಾಕಾನ ಹತ್ತಿರ ತಬಲಾ ಕಲಿಯುತ್ತೇನೆ. ಮೊದಲು ಹೇಳಿಕೊಟ್ಟದ್ದು ಡಗ್ಗಾದ ಮೇಲೆ ಕೈ ಇಡುವುದನ್ನು. ಹೆಂಗಸರು ತಬಲಾ ನುಡಿಸುವುದೇ ಎಂದು ಓಣಿಯಲ್ಲಿ ಒಂದಿಬ್ಬರು ಹುಬ್ಬೇರಿಸಿದರು, ಈಗ ಅವರಿಗೂ ರೂಢಿಯಾಗಿದೆ. ಸಂಜೆ ಓಣಿಯ ಎಂಟು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅದರಿಂದ ಬರುವ ಹಣದಲ್ಲಿ ಪರೀಕ್ಷೆಯ ಶುಲ್ಕ ಕಟ್ಟಿ ಒಂದು ಒಳ್ಳೆಯ ಇಯರ್‌ಫೋನ್ ಕೊಂಡಿದ್ದೇನೆ. ಮದುವೆ ಮನೆಗಳಿಗೆ ಹೋಗುತ್ತಿದ್ದೇನೆ. ಓದಿನ ತಾಸು ಕಡಿಮೆಯಾಗಿಲ್ಲ. ಮೊದಲು ಪುಸ್ತಕದ ಮುಂದೆ ಚಿಂತೆ ಮಾಡುತ್ತಾ ಕಳೆಯುತ್ತಿದ್ದ ಹೊತ್ತು ಕಡಿಮೆಯಾಗಿದೆ.

ಓದುಗ ಗೆಳೆಯರಲ್ಲಿ ಒಂದು ಕೋರಿಕೆ. ಇವತ್ತು ರಾತ್ರಿ ಪುಸ್ತಕ ಮುಚ್ಚಿದ ಮೇಲೆ ನಿಮಗಿಷ್ಟವಾದ ಹಾಡೊಂದನ್ನು ಒಳ್ಳೆಯ ಸ್ಪೀಕರ್‌ನಲ್ಲಿ ಇಲ್ಲವೇ ಇಯರ್‌ಫೋನ್‌ನಲ್ಲಿ ಹಚ್ಚಿ. ಗಾಯಕನನ್ನು ಬಿಡಿ, ಗಿಟಾರ್ ಬಿಡಿ. ಕೆಳಗೆ ನಡೆಯುತ್ತಿರುವವನನ್ನು ಹುಡುಕಿ, ಹಾಡು ಮುಗಿಯುವವರೆಗೆ ಅವನ ಜೊತೆ ಹೋಗಿ. ಮೊದಲ ಸಲ ಸಿಗದಿದ್ದರೆ ಎರಡನೇ ಸಲ ಸಿಗುತ್ತಾನೆ.

ಮೊನ್ನೆ ಸಂತೆಯಲ್ಲಿ ಹಳೆಯ ಮಾಸ್ತರರೊಬ್ಬರು ಸಿಕ್ಕರು. ಅದೇ ಪ್ರಶ್ನೆ ಕೇಳಿದರು, ‘ಈಗೇನ್ ಮಾಡಾಕತ್ತೀಯವ್ವಾ?’ ಬಾಯಿಗೆ ಬಂದ ಹಳೆಯ ಉತ್ತರವನ್ನು ತಡೆದು ಹೇಳಿದೆ. ‘ಓದಾಕತ್ತೀನಿ, ಹುಡುಗರಿಗೆ ಲೆಕ್ಕಾ ಹೇಳಿಕೊಡ್ತೀನಿ, ತಬಲಾ ಕಲಿಯಾಕತ್ತೀನ್ರೀ ಸರ್.’ ಮಾಸ್ತರರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಕೇಳಿದರು, ‘ಯಾವ ತಾಳಕ್ಕ ಬಂದೀ?’

‘ರೂಪಕ’ ಅಂದೆ.